ಇಎಸ್‌ಐ, ನನ್ನ ಶ್ವಾಸಕೋಶ ಮತ್ತು ‘ಹೆಲ್ಪರ್’ ಅನ್ನುವ ಒಂದು ಪದ

ಪ್ರತಿ ತಿಂಗಳು ನನ್ನ ಬ್ಯಾಂಕ್ ಖಾತೆಗೆ 4,860 ರೂಪಾಯಿ ಬರುತ್ತದೆ. 31 ದಿನದ ತಿಂಗಳಾದರೆ ಇನ್ನೊಂದು 162 ರೂಪಾಯಿ ಸೇರುತ್ತದೆ. ಇದು ಇಎಸ್‌ಐ, ಅಂದರೆ ಸಂಬಳದಲ್ಲಿ ಕತ್ತರಿಸುವ ದುಡ್ಡಿನಿಂದ ನಡೆಯುವ ಕಾರ್ಮಿಕರ ವಿಮೆ, ಕೊಡುವ ಶಾಶ್ವತ ಅಂಗವೈಕಲ್ಯ ಭತ್ಯೆ. ನನ್ನ ಕೈ ಕಾಲು ಕಣ್ಣು ಕಿವಿ ಎಲ್ಲ ಸರಿಯಾಗಿವೆ. ಹಾಳಾಗಿರುವುದು ಶ್ವಾಸಕೋಶ. ಕಾಯಿಲೆಯ ಹೆಸರು ಸಿಲಿಕೋಸಿಸ್, ಮರಳಿನ ಸಣ್ಣ ಧೂಳು ಒಳಗೆ ಹೋಗಿ ಬರುವಂಥದ್ದು.

ಇಎಸ್‌ಐ ಅಂದರೆ ಜ್ವರದ ಮಾತ್ರೆ, ಹೆರಿಗೆ, ಆಪರೇಷನ್ ಅಂತಷ್ಟೇ ನಮ್ಮ ಜನರಿಗೆ ಗೊತ್ತು. ದಮ್ಮಿನ ಕಾಯಿಲೆ ಇರುವ ಕಾರ್ಮಿಕನಿಗೆ ಅದರಿಂದ ಏನೇನು ಸಿಗುತ್ತದೆ ಅಂತ ನನಗೆ 17 ವರ್ಷ ಯಾರೂ ಹೇಳಲಿಲ್ಲ. ಪ್ರತಿ ತಿಂಗಳು ಸಂಬಳದಲ್ಲಿ ಕತ್ತರಿಸುತ್ತಿದ್ದರು, ನಾನು ಕೇಳಲೂ ಇಲ್ಲ. ನನ್ನಂತೆ ಇನ್ನೊಬ್ಬರು ವರ್ಷಗಟ್ಟಲೆ ಸುತ್ತಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನನಗೆ ಈಗ 47. ಊರು ಕುಣಿಗಲ್ ಹತ್ತಿರ. 2004ರಲ್ಲಿ ಬೆಂಗಳೂರಿಗೆ ಬಂದು ಪೀಣ್ಯದ ಒಂದು ಫೌಂಡ್ರಿ ಸೇರಿದೆ. ಫೆಟ್ಲಿಂಗ್ ವಿಭಾಗ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ತಣ್ಣಗಾದ ಮೇಲೆ ಅಚ್ಚು ಒಡೆದು ಕಾಸ್ಟಿಂಗ್ ತೆಗೆಯುತ್ತಾರೆ. ಅದಕ್ಕೆ ಅಂಟಿಕೊಂಡ ಮರಳು ಉದುರಿಸಬೇಕು, ಅಂಚಿನಲ್ಲಿ ಉಳಿದ ಕಬ್ಬಿಣವನ್ನು ಗ್ರೈಂಡರ್ ಹಿಡಿದು ಸವೆಸಬೇಕು. ಅದೇ ಫೆಟ್ಲಿಂಗ್. ಗ್ರೈಂಡರ್ ಹಚ್ಚಿದರೆ ಕಿಡಿ ಕಾಣುತ್ತದೆ, ಅದಕ್ಕೆ ಎಲ್ಲರೂ ಹೆದರುತ್ತಾರೆ. ಕೊಲ್ಲುವುದು ಕಿಡಿ ಅಲ್ಲ. ಆ ಮರಳು ಪುಡಿಯಾಗಿ ಕಣ್ಣಿಗೇ ಕಾಣದಷ್ಟು ಸಣ್ಣದಾಗುತ್ತದೆ ನೋಡಿ, ಅದು. ನಾವು ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆವು. ಆ ಸಣ್ಣ ಧೂಳಿಗೆ ಬಟ್ಟೆ ಲೆಕ್ಕಕ್ಕೇ ಇಲ್ಲ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಸುತ್ತ ಗಾಯ ಕಟ್ಟಿ ಗಂಟಾಗುತ್ತದೆ. ಕೆಲಸ ಬಿಟ್ಟ ಮೇಲೂ ಆ ಗಂಟು ಬೆಳೆಯಬಹುದು.

2019ರಲ್ಲಿ ಒಣಕೆಮ್ಮು ಶುರುವಾಯಿತು. ಮನೆ ಮೂರನೇ ಮಹಡಿ, ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ಕೊರೋನಾ ಬಂತು. ಕೆಮ್ಮಿದವನನ್ನು ಬಸ್ಸಿನಿಂದ ಇಳಿಸುತ್ತಿದ್ದ ಕಾಲ ಅದು. ನಾನು ಕೆಮ್ಮನ್ನು ನುಂಗುವುದು ಕಲಿತೆ. 2021ರಲ್ಲಿ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂದರು. ಕಫದ ಪರೀಕ್ಷೆಯಲ್ಲಿ ಒಮ್ಮೆಯೂ ಟಿಬಿ ಕ್ರಿಮಿ ಸಿಗಲಿಲ್ಲ. ಆದರೂ ಆರು ತಿಂಗಳು ಮಾತ್ರೆ ನುಂಗಿದೆ. ಏನು ಕೆಲಸ ಮಾಡುತ್ತೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿಬಿಯಂತೆ ಕಾಣಬಹುದು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಸುಲಭವಾಗಿ ಅಂಟಿಕೊಳ್ಳುವುದೂ ನಿಜ. ಅದಕ್ಕೇ ಕೆಲಸ ಯಾವುದು ಅಂತ ಕೇಳುವುದು ಅಷ್ಟು ಮುಖ್ಯ. ಆ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಕೆಲಸಕ್ಕೆ ಹೋಗಲು ಆಗದೆ ಕೂತಾಗ ಪಕ್ಕದ ಮನೆಯವರು ಅಂಗವಿಕಲರ ಕಾರ್ಡ್ ಮಾಡಿಸಿ ಅಂದರು. ಯುಡಿಐಡಿ ಕಾರ್ಡ್. ಸೈಬರ್ ಸೆಂಟರ್ ಹುಡುಗ ಅರ್ಜಿ ತೆರೆದ. ಅಂಗವೈಕಲ್ಯದ ಬಗೆ ಆರಿಸುವ ಪಟ್ಟಿ ಬಂತು. ಅವನು ಮೇಲಿಂದ ಕೆಳಗೆ ಎರಡು ಸಲ ಓದಿದ. ‘ಅಣ್ಣಾ, ಇದರಲ್ಲಿ ಶ್ವಾಸಕೋಶ ಅಂತ ಇಲ್ಲ’ ಅಂದ. ನಿಜ. 1995ರ ಕಾಯ್ದೆಯಲ್ಲಿ ಏಳು ಬಗೆ ಇದ್ದವು, 2016ರ ಕಾಯ್ದೆಯಲ್ಲಿ 21 ಆದವು. ಪಾರ್ಕಿನ್‌ಸನ್, ಹಿಮೋಫಿಲಿಯಾ, ಆಸಿಡ್ ದಾಳಿಗೆ ಸಿಕ್ಕವರು ಎಲ್ಲರೂ ಸೇರಿದರು. ಸೇರಲೇಬೇಕಿತ್ತು. ಆದರೆ ಹತ್ತು ಹೆಜ್ಜೆಗೆ ನಿಲ್ಲುವ ಶ್ವಾಸಕೋಶದ ರೋಗಿ ಆ ಪಟ್ಟಿಯಲ್ಲಿ ಇಲ್ಲ. ಉಸಿರು ನಾಳ ಕಟ್ಟಿಕೊಳ್ಳುವ ಸಿಒಪಿಡಿ ಇಲ್ಲ, ಸಿಲಿಕೋಸಿಸ್ ಇಲ್ಲ. ಇದು ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ. ಅಂಗಡಿಯ ಹೊರಗೆ ಒಬ್ಬ ಬಂದು, 8,000 ಕೊಟ್ಟರೆ ಕಾಲು ಊನ ಅಂತ ಬರೆಸಿಕೊಡುತ್ತೇನೆ ಅಂದ. ಮನೆಯಲ್ಲಿ ಅಷ್ಟು ಕಷ್ಟ ಇತ್ತು. ಆದರೂ ಬೇಡ ಅಂದೆ. ನನ್ನ ಕಾಯಿಲೆ ಸುಳ್ಳಲ್ಲ. ಅದಕ್ಕೆ ಸುಳ್ಳು ಹೆಸರು ಯಾಕೆ?

ದಾರಿ ತೋರಿಸಿದವರು ಯೂನಿಯನ್ನಿನ ಒಬ್ಬ ಹಿರಿಯರು. ಟೀ ಅಂಗಡಿಯಲ್ಲಿ ನನ್ನ ಉಸಿರು ಕೇಳಿಯೇ, ‘ಏನಪ್ಪಾ, ಫೆಟ್ಲಿಂಗಾ?’ ಅಂದರು. ‘ಇಎಸ್‌ಐ ಇದೆಯಲ್ಲ, ಮೊದಲು ಅಲ್ಲಿಗೆ ಹೋಗು’ ಅಂದರು.

2022ರ ಮಾರ್ಚ್‌ನಲ್ಲಿ ನಮ್ಮ ಡಿಸ್ಪೆನ್ಸರಿಗೆ ಹೋದೆ. ಅಲ್ಲಿಂದ ರಾಜಾಜಿನಗರದ ದೊಡ್ಡ ಇಎಸ್‌ಐ ಆಸ್ಪತ್ರೆಗೆ ಬರೆದುಕೊಟ್ಟರು. ಎದೆ ವಿಭಾಗದ ಡಾಕ್ಟರಮ್ಮ ಮೊದಲು ನನ್ನ ಬೆರಳು ನೋಡಿದರು, ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. ಯಾವ ಕೆಲಸ? ಎಷ್ಟು ವರ್ಷ? ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆದರು: ಫೌಂಡ್ರಿ, ಫೆಟ್ಲಿಂಗ್, 17 ವರ್ಷ, ಮರಳಿನ ಧೂಳು. ಆ ಒಂದು ಸಾಲು ಮುಂದೆ ನನ್ನ ಇಡೀ ಕೇಸಿಗೆ ಬುನಾದಿ ಆಯಿತು. ಓದುವವರಿಗೆ ಕೈ ಮುಗಿದು ಹೇಳುತ್ತೇನೆ. ಡಾಕ್ಟರು ಕೇಳದೇ ಇದ್ದರೂ ನಿಮ್ಮ ಕೆಲಸ ಹೇಳಿ, ಚೀಟಿಯಲ್ಲಿ ಬರೆಯಲು ಕೇಳಿಕೊಳ್ಳಿ.

ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನ್ ಆಯಿತು. ಹೊರಗೆ ಮಾಡಿಸಿದ್ದರೆ ಸಾವಿರಗಟ್ಟಲೆ ಬೇಕಿತ್ತು, ನನ್ನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ. ಆಮೇಲೆ ಊದುವ ಪರೀಕ್ಷೆ, ಸ್ಪೈರೋಮೆಟ್ರಿ ಅಂತಾರೆ. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಒಂದೇ ಉಸಿರಿಗೆ ಜೋರಾಗಿ ಊದಿ, ಊದುತ್ತಲೇ ಇರಿ ಅನ್ನುತ್ತಾರೆ. ಕನಿಷ್ಠ ಮೂರು ಸಲ. ಎರಡನೇ ಸಲಕ್ಕೇ ಕಣ್ಣು ಕತ್ತಲೆ ಬಂತು. ಟೆಕ್ನಿಷಿಯನ್ ಹುಡುಗಿ ನೀರು ಕೊಟ್ಟು, ಹತ್ತು ನಿಮಿಷ ಕೂರಿಸಿ, ಮತ್ತೆ ಊದಿಸಿದಳು. ಅವಳ ತಾಳ್ಮೆ ದೊಡ್ಡದು. ನನ್ನ ವಯಸ್ಸು, ಎತ್ತರಕ್ಕೆ ಇರಬೇಕಾದ ಉಸಿರಿನಲ್ಲಿ ನೂರಕ್ಕೆ 58 ಮಾತ್ರ ಇದೆ ಅಂತ ಬಂತು. ಡಾಕ್ಟರಮ್ಮ ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿ ಹೇಳಿದರು. ಇದು ವಾಸಿಯಾಗುವುದಲ್ಲ. ಧೂಳಿನ ಕೆಲಸ ಇವತ್ತೇ ಬಿಡಿ. ಇನ್ಹೇಲರ್ ತಪ್ಪಿಸಬೇಡಿ. ಕೆಮ್ಮು ಬದಲಾದರೆ, ಜ್ವರ ಬಂದರೆ ಟಿಬಿ ಪರೀಕ್ಷೆ ಮಾಡಿಸಿ. ಇನ್ಹೇಲರ್ ಅವತ್ತಿನಿಂದ ಇವತ್ತಿನವರೆಗೂ ಇಎಸ್‌ಐನಲ್ಲೇ ಸಿಗುತ್ತಿದೆ.

ಇನ್ನು ದುಡ್ಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಮೊದಲು ನನಗೆ ಸಿಕ್ಕಿದ್ದು ಕಾಯಿಲೆ ಭತ್ಯೆ. ಇಎಸ್‌ಐ ಡಾಕ್ಟರು ರಜೆ ಸರ್ಟಿಫಿಕೇಟ್ ಕೊಟ್ಟ ದಿನಗಳಿಗೆ ದಿನದ ಸರಾಸರಿ ಕೂಲಿಯ ನೂರಕ್ಕೆ 70. ವರ್ಷಕ್ಕೆ ಹೆಚ್ಚೆಂದರೆ 91 ದಿನ. ನನ್ನ ಕೂಲಿ ದಿನಕ್ಕೆ 600 ಇತ್ತು, ಹಾಗಾಗಿ ದಿನಕ್ಕೆ 420 ಬಂತು. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. 2014ರಿಂದ ಮೂರು ವರ್ಷ ಫ್ಯಾಕ್ಟರಿ ನನ್ನನ್ನು ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಹಾಕಿತ್ತು. ಅವನು ನನಗೆ ಬೇರೆಯೇ ಇಎಸ್‌ಐ ನಂಬರ್ ಮಾಡಿಸಿದ್ದ, ಎಷ್ಟೋ ತಿಂಗಳು ಕಟ್ಟಿಯೇ ಇರಲಿಲ್ಲ. ಕಂಟ್ರಾಕ್ಟರ್ ಕಟ್ಟದಿದ್ದರೆ ಮೂಲ ಕಂಪನಿಯೇ ಕಟ್ಟಬೇಕು ಅಂತ ಕಾನೂನಿದೆ. ನಿಮ್ಮ ನಂಬರ್ ಹಾಕಿ ಇಎಸ್‌ಐ ಪೋರ್ಟಲ್‌ನಲ್ಲಿ ನೋಡಿದರೆ ಯಾವ ತಿಂಗಳು ಎಷ್ಟು ದಿನ ಕಟ್ಟಿದ್ದಾರೆ ಅಂತ ಕಾಣುತ್ತದೆ. ಕಾಯಿಲೆ ಬರುವ ಮೊದಲೇ ಒಮ್ಮೆ ನೋಡಿಕೊಳ್ಳಿ. ಎರಡು ನಂಬರ್ ಇದ್ದರೆ ಈಗಲೇ ಒಂದು ಮಾಡಿಸಿ.

ಕೆಲಸದ ಧೂಳಿನಿಂದ ಬಂದದ್ದಲ್ಲ, ಸುಮ್ನೆ ಬಂದ ಕಾಯಿಲೆ ಅಂದುಕೊಳ್ಳಿ. ಆಗಲೂ ದಾರಿ ಇದೆ. 91 ದಿನ ಮುಗಿದ ಮೇಲೆ ವಿಸ್ತೃತ ಕಾಯಿಲೆ ಭತ್ಯೆ ಅಂತ ಒಂದಿದೆ. ನೂರಕ್ಕೆ 80. ಡಾಕ್ಟರುಗಳು ಬೇಕು ಅಂದರೆ ಎರಡು ವರ್ಷದ ತನಕ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಶ್ವಾಸಕೋಶದ್ದೂ ಇವೆ: ಬ್ರಾಂಕಿಯೆಕ್ಟಾಸಿಸ್ (ಉಸಿರು ನಾಳ ಹಿಗ್ಗಿ ಹಾಳಾಗುವುದು), ಐಎಲ್‌ಡಿ (ಶ್ವಾಸಕೋಶ ಗಟ್ಟಿಯಾಗುವುದು), ಹೃದಯಕ್ಕೂ ತಟ್ಟಿದ ಸಿಒಪಿಡಿ. ಎರಡು ವರ್ಷ ಬಿಡದೆ ಕೆಲಸದಲ್ಲಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಯಲ್ಲಿ 156 ದಿನ ವಂತಿಗೆ ಇರಬೇಕು. ನಮ್ಮ ಬೀದಿಯ ಗಾರ್ಮೆಂಟ್ಸ್ ಅಕ್ಕ ಒಬ್ಬರಿಗೆ ಇದನ್ನು ಹೇಳಿದ್ದಕ್ಕೆ, ಅವರು ರಾಜೀನಾಮೆ ಪತ್ರ ಹರಿದು ಹಾಕಿದರು.

ನನ್ನದು ಮೂರನೇ ದಾರಿ. ಆಗ ಇದ್ದ ಇಎಸ್‌ಐ ಕಾಯ್ದೆಯ ಮೂರನೇ ಶೆಡ್ಯೂಲ್‌ನಲ್ಲಿ ವೃತ್ತಿ ಕಾಯಿಲೆಗಳ, ಅಂದರೆ ಮಾಡುವ ಕೆಲಸದಿಂದಲೇ ಬರುವ ಕಾಯಿಲೆಗಳ, ಪಟ್ಟಿ ಇತ್ತು. ಸಿಲಿಕೋಸಿಸ್, ಆಸ್‌ಬೆಸ್ಟೋಸಿಸ್, ಹತ್ತಿ ಧೂಳಿನ ಬಿಸಿನೋಸಿಸ್, ಕಬ್ಬಿನ ಸಿಪ್ಪೆಯ ಬಗಾಸೋಸಿಸ್ ಎಲ್ಲ ಅದರಲ್ಲಿದ್ದವು. ಇವು ಬಂದರೆ ಯಂತ್ರಕ್ಕೆ ಕೈ ಸಿಕ್ಕಿದಷ್ಟೇ ಲೆಕ್ಕ, ಕೆಲಸದ ಗಾಯ ಅಂತಲೇ ಪರಿಗಣಿಸುತ್ತಾರೆ. ಇದಕ್ಕೆ ವಿಶೇಷ ಮೆಡಿಕಲ್ ಬೋರ್ಡ್ ಇದೆ. ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಗಿದೆ ಅಂತ ಬೋರ್ಡ್ ಹೇಳುತ್ತದೆ. ಪೂರ್ತಿ ಹೋಗಿದ್ದರೆ ಕೂಲಿಯ ನೂರಕ್ಕೆ 90, ಜೀವನಪೂರ್ತಿ. ಭಾಗಶಃ ಆದರೆ ಆ ಲೆಕ್ಕದಲ್ಲಿ.

ಆದರೆ ನೀವು ಆ ಧೂಳಿನಲ್ಲಿ ದುಡಿದಿರಿ ಅಂತ ಕಾಗದ ಬೇಕು. ಇಲ್ಲಿ ನನ್ನ ಏಳು ತಿಂಗಳು ಹೋಯಿತು.

ನನ್ನ ಸಂಬಳದ ಚೀಟಿಯಲ್ಲಿ 17 ವರ್ಷವೂ ಇದ್ದ ಪದ ‘ಹೆಲ್ಪರ್’. ಎಲ್ಲೂ ಫೆಟ್ಲಿಂಗ್ ಇಲ್ಲ, ಗ್ರೈಂಡರ್ ಇಲ್ಲ, ಮರಳಿಲ್ಲ. ಫ್ಯಾಕ್ಟರಿಗೆ ಹೋಗಿ, ನಾನು ಮಾಡಿದ ಕೆಲಸದ ಹೆಸರು ಬರೆದುಕೊಡಿ ಅಂದೆ. ಎಚ್‌ಆರ್‌ನವರು, ‘ರಿಜಿಸ್ಟರ್‌ನಲ್ಲಿ ಇರುವುದನ್ನೇ ಕೊಡೋದು’ ಅಂದರು. ಎರಡನೇ ಸಲ ಹೋದಾಗ ಗೇಟಿನಲ್ಲೇ ನಿಲ್ಲಿಸಿದರು. ಮೂರನೇ ಸಲ ಹಳೆಯ ಸೂಪರ್‌ವೈಸರ್ ಹೊರಗೆ ಬಂದು ಮೆಲ್ಲಗೆ, ‘ನಿಂಗೆ ಬರೆದುಕೊಟ್ಟರೆ ನಾಳೆ ಹತ್ತು ಜನ ಬರ್ತಾರಪ್ಪ’ ಅಂದರು. ಆ ಹತ್ತು ಜನ ಇದ್ದಾರೆ ಅಂತ ಅವರಿಗೂ ಗೊತ್ತಿತ್ತು, ಅಲ್ವಾ? ಅವತ್ತು ಬಸ್ ಸ್ಟಾಪಿನಲ್ಲಿ ಕೂತು ತುಂಬ ಹೊತ್ತು ಏಳಲಿಲ್ಲ.

ದಾಖಲೆ ಹುಡುಕಿದ್ದು ನನ್ನ ಹೆಂಡತಿ. ಅವಳು ಚೀಟಿ ಬಿಸಾಡುವವಳಲ್ಲ. ಬಿಸ್ಕತ್ ಡಬ್ಬದಲ್ಲಿ ಹಳೆಯ ಓವರ್‌ಟೈಮ್ ಚೀಟಿಗಳಿದ್ದವು. ಅದರಲ್ಲಿ ನಾಲ್ಕರ ಮೇಲೆ ವಿಭಾಗ ಅನ್ನುವ ಜಾಗದಲ್ಲಿ ಪೆನ್ನಿನಲ್ಲಿ ಫೆಟ್ಲಿಂಗ್ ಅಂತ ಬರೆದಿತ್ತು. ಇನ್ನೊಂದು ಸಿಕ್ಕಿದ್ದು 2011ರ ಆಯುಧ ಪೂಜೆಯ ಫೋಟೋ. ಗ್ರೈಂಡರ್‌ಗೆ ವಿಭೂತಿ ಕುಂಕುಮ ಹಚ್ಚಿ ಚೆಂಡು ಹೂವಿನ ಹಾರ ಹಾಕಿದ್ದೇವೆ. ಪಕ್ಕದಲ್ಲಿ ನಾನು, ಹೊಸ ಅಂಗಿಯಲ್ಲಿ. ಹಿಂದೆ ಗೋಡೆಯ ಮೇಲೆ ವಿಭಾಗದ ಬೋರ್ಡು. ಮೂಲೆಯಲ್ಲಿ ತಾರೀಖು. ಆ ಮೆಷಿನ್ನಿಗೆ ನಾನು ಪ್ರತಿ ವರ್ಷ ಕೈ ಮುಗಿದಿದ್ದೇನೆ. ಅದು ಸಾಕ್ಷಿ ಹೇಳುತ್ತದೆ ಅಂತ ಅಂದುಕೊಂಡಿರಲಿಲ್ಲ.

ಜೊತೆಯಲ್ಲಿ ದುಡಿದ ಇಬ್ಬರು ಛಾಪಾ ಕಾಗದದ ಮೇಲೆ ಬರೆದುಕೊಟ್ಟರು. ಒಬ್ಬನು ಇನ್ನೂ ಅಲ್ಲೇ ಕೆಲಸದಲ್ಲಿದ್ದ. ಅವನ ಧೈರ್ಯವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಯೂನಿಯನ್ನಿನ ಹಿರಿಯರು ಇದೆಲ್ಲವನ್ನೂ ಸೇರಿಸಿ ಫ್ಯಾಕ್ಟರಿಗಳ ಇಲಾಖೆಗೆ ಅರ್ಜಿ ಹಾಕಿಸಿದರು. ಸಿಲಿಕೋಸಿಸ್ ಅನ್ನುವುದು ಆಗ ಇದ್ದ 1948ರ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ಮುಚ್ಚಿಡುವ ಕಾಯಿಲೆ ಆಗಿರಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಸರ್ಕಾರಕ್ಕೆ ತಿಳಿಸಬೇಕಿತ್ತು, ನೋಡಿದ ಡಾಕ್ಟರೂ ತಿಳಿಸಬೇಕಿತ್ತು. ಇಲಾಖೆಯವರು ಒಂದು ಸಲ ಬಂದು ಹೋದ ಹದಿನೈದು ದಿನಕ್ಕೆ ಫ್ಯಾಕ್ಟರಿಯಿಂದ ಪತ್ರ ಬಂತು. ಎರಡೇ ಸಾಲು. ಅದರಲ್ಲಿ ಫೆಟ್ಲಿಂಗ್ ಅನ್ನುವ ಪದ ಇತ್ತು.

ಬೋರ್ಡ್ ಕೂತಿದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಆರು ನಿಮಿಷ ನಡೆಸುವ ಪರೀಕ್ಷೆ. ಉದ್ದ ಓಣಿಯಲ್ಲಿ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿಕೊಂಡು ಹೋಗುವುದು ಬರುವುದು. ಶುರುವಿನಲ್ಲಿ 96 ಇದ್ದದ್ದು ಕೊನೆಗೆ 89 ಆಯಿತು. ಆಮೇಲೆ ಒಳಗೆ ಕರೆದರು. ಡಾಕ್ಟರೊಬ್ಬರು, ‘ಹೇಗಿದ್ದೀರಿ?’ ಅಂತ ಕೇಳಿದರು. ನನ್ನ ಬಾಯಿಂದ ಬಂದದ್ದು, ‘ಪರವಾಗಿಲ್ಲ ಸಾರ್’. ದೊಡ್ಡವರು ಕೇಳಿದರೆ ಹಾಗೇ ಹೇಳುವುದು ನಮ್ಮ ಕಡೆ ರೂಢಿ. ಬಾಗಿಲ ಹತ್ತಿರ ನಿಂತಿದ್ದ ನನ್ನ ಹೆಂಡತಿ ಒಳಗೆ ಬಂದಳು. ‘ಇಲ್ಲ ಸಾರ್. ಸ್ನಾನ ಮಾಡಿ ಬಂದರೆ ಹತ್ತು ನಿಮಿಷ ಗೋಡೆಗೆ ಒರಗಿ ಕೂರ್ತಾರೆ. ರಾತ್ರಿ ಮೂರು ದಿಂಬು ಇಟ್ಟು ಮಲಗೋದು. ನೀರಿನ ಬಿಂದಿಗೆ ಎತ್ತಿ ಒಂದು ವರ್ಷ ಆಯ್ತು’ ಅಂದಳು. ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು. ಬೋರ್ಡ್ ಮುಂದೆ ಹೋಗುವವರು ಒಳ್ಳೆಯ ದಿನದ ಕಥೆ ಹೇಳಬೇಡಿ. ಹೆಚ್ಚಿಸಿಯೂ ಹೇಳಬೇಡಿ. ನಿಮ್ಮನ್ನು ದಿನಾ ನೋಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ದುಡಿಯುವ ಶಕ್ತಿ ನೂರಕ್ಕೆ 30 ಹೋಗಿದೆ ಅಂತ ಬಂತು. 600ರಲ್ಲಿ ನೂರಕ್ಕೆ 90 ಅಂದರೆ 540. ಅದರ ನೂರಕ್ಕೆ 30 ಅಂದರೆ ದಿನಕ್ಕೆ 162. ನನಗೆ ಇದು ಕಡಿಮೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಊದುವ ಯಂತ್ರ ನೋಡುವುದು ಉಸಿರನ್ನು. ಗ್ರೈಂಡರ್ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯನಿಗೆ ಆ ಉಸಿರು ಹೋದರೆ ದುಡಿಮೆ ಎಷ್ಟು ಹೋಗುತ್ತದೆ ಅನ್ನುವುದು ಬೇರೆ ಲೆಕ್ಕ. ಒಪ್ಪಿಗೆ ಇಲ್ಲದಿದ್ದರೆ ಮೂರು ತಿಂಗಳ ಒಳಗೆ ಮೇಲ್ಮನವಿ ಹಾಕಬಹುದು. ನಾನು ಹಾಕಲಿಲ್ಲ. ಕಾಯಿಲೆ ಹೆಚ್ಚಾದರೆ ಮತ್ತೆ ಪರಿಶೀಲನೆ ಕೇಳಬಹುದು ಅಂದರು, ಆಗ ಕೇಳುತ್ತೇನೆ.

ಬೇರೆ ಕೆಲಸಕ್ಕೆ ಹೋದರೆ ಭತ್ಯೆ ನಿಂತುಹೋಗುತ್ತದೆ ಅಂತ ಎಷ್ಟೋ ಜನ ಹೆದರಿಸಿದರು. ಅದು ತಪ್ಪು. ನಾನು ಈಗ ಒಂದು ಗೋಡೌನ್‌ನಲ್ಲಿ ಬಿಲ್ಲು ಚೆಕ್ ಮಾಡುವ ಕೆಲಸದಲ್ಲಿದ್ದೇನೆ. ಕೂತು ಮಾಡುವ ಕೆಲಸ, ಧೂಳಿಲ್ಲ. ಸಂಬಳ 11,000. ಭತ್ಯೆ ಅದರ ಪಾಡಿಗೆ ಬರುತ್ತಿದೆ. ಕೆಲಸದ ಗಾಯದಿಂದಾಗಿ ದುಡಿಮೆಯನ್ನೇ ಬಿಟ್ಟವರಿಗೂ ನಿವೃತ್ತಿಯ ವಯಸ್ಸಿನ ತನಕ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಸಾಕು. ಇದೇ ಕಾಯಿಲೆಯಿಂದ ನಾನು ಹೋದರೆ ಹೆಂಡತಿ ಮಕ್ಕಳಿಗೆ ಅವಲಂಬಿತರ ಭತ್ಯೆ ಇದೆ. ಇದನ್ನು ಓದಿದ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ.

ಒಟ್ಟಿನಲ್ಲಿ ಸೇವೆ ಹೇಗಿದೆ ಅಂದರೆ, ಚಿಕಿತ್ಸೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸಂಬಳ 15,600 ಇದ್ದಾಗ ನನ್ನಿಂದ ತಿಂಗಳಿಗೆ 117 ರೂಪಾಯಿ ಹೋಗುತ್ತಿತ್ತು, ಮಾಲೀಕರಿಂದ 507. ಆ ದುಡ್ಡಿಗೆ ನನಗೆ ಸಿಕ್ಕಿದ ಸ್ಕ್ಯಾನು, ಔಷಧಿ, ಭತ್ಯೆ ಬಹಳ ದೊಡ್ಡದು. ಆದರೆ ನಿಯಮದಲ್ಲಿ ಒಂದು ದೊಡ್ಡ ಕೊರತೆ ಇದೆ. ಧೂಳಿಗೆ ದಾಖಲೆ ತರುವ ಹೊಣೆ ಉಸಿರಾಡಲು ಆಗದವನ ಮೇಲೆ ಬೀಳುತ್ತದೆ. ಫೌಂಡ್ರಿಯಲ್ಲಿ ಇಷ್ಟು ವರ್ಷ ಇದ್ದ ಅಂತ ಇಎಸ್‌ಐ ಕಡತದಲ್ಲೇ ಇರುವಾಗ, ಕೆಲಸದ ಹೆಸರನ್ನು ಮಾಲೀಕರಿಂದ ಮೊದಲ ದಿನವೇ ಬರೆಸಿಕೊಳ್ಳಬಹುದು. ಇನ್ನೊಂದು, ಇಎಸ್‌ಐಗೆ ಸೇರಲು ಇರುವ ತಿಂಗಳಿಗೆ 21,000 ಸಂಬಳದ ಮಿತಿ. 2017ರ ಜನವರಿಯಲ್ಲಿ ಅಷ್ಟು ಮಾಡಿದರು. ಓವರ್‌ಟೈಮ್ ಇಲ್ಲದೆಯೇ ಅದನ್ನು ದಾಟುವ ಅನುಭವಿ ಕೆಲಸಗಾರರು ಈಗ ಎಷ್ಟೋ ಜನ. ಹೆಚ್ಚು ವರ್ಷ ಧೂಳು ಕುಡಿದವರೇ ಹೊರಗೆ ಉಳಿಯುತ್ತಾರೆ.

ಇಎಸ್‌ಐ ಇಲ್ಲದವರ ಪಾಡು ಇನ್ನೂ ಕಷ್ಟ. ನನ್ನ ಭಾವಮೈದ ಕಲ್ಲು ಕ್ರಷರ್‌ನಲ್ಲಿದ್ದಾನೆ, ಅದೇ ಕೆಮ್ಮು. ಅವನಂಥವರಿಗೆ 2025ರ ನವೆಂಬರ್ ತನಕ ಉಳಿದಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. ಸಿಲಿಕೋಸಿಸ್ ಅದರ ಪಟ್ಟಿಯಲ್ಲೂ ಇತ್ತು, ಆದರೆ ಮಾಲೀಕನ ಮೇಲೆ ಕೇಸು ಹಾಕಬೇಕಿತ್ತು. ರಾಜಸ್ಥಾನದಲ್ಲಿ 2019ರಲ್ಲೇ ಇದಕ್ಕೆ ಅಂತ ಒಂದು ನೀತಿ ತಂದರು. ಕಾಯಿಲೆ ಖಚಿತವಾದರೆ 3 ಲಕ್ಷ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ. ಯಾವ ಮಾಲೀಕನ ಹತ್ತಿರ ದುಡಿದೆ ಅಂತ ತೋರಿಸಲು ಆಗದ ಕಲ್ಲು ಕೆಲಸದವರಿಗೂ ಒಂದು ದಾರಿ ಬೇಕಲ್ಲ. ನಮ್ಮಲ್ಲೂ ಅಂಥದ್ದು ಬರಲಿ ಅಂತ ನನ್ನ ಆಸೆ.

ನಾನು ಬರೆದಿರುವುದು 2022, 2023ರಲ್ಲಿ ನನಗೆ ಅನ್ವಯಿಸಿದ ನಿಯಮಗಳು. 2025ರ ನವೆಂಬರ್ 21ರಿಂದ ಇಎಸ್‌ಐ ಕಾಯ್ದೆ, ಪರಿಹಾರ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅರ್ಜಿ ಹಾಕುವ ಮೊದಲು ನಿಮ್ಮ ಶಾಖಾ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ. ಮೆಟ್ಟಿಲಿದ್ದರೆ ಅವಸರ ಮಾಡಬೇಡಿ, ನಿಂತು ನಿಂತು ಹತ್ತಿ.

ಹೋದ ವಾರ ಛಾಪಾ ಕಾಗದ ಬರೆದುಕೊಟ್ಟ ಆ ಗೆಳೆಯನೇ ಮನೆಗೆ ಬಂದಿದ್ದ. ನಾಲ್ಕು ತಿಂಗಳಿಂದ ಕೆಮ್ಮು ಅಂದ. ಮೂರನೇ ಮಹಡಿ ಹತ್ತಿ ಬಂದವನಿಗೆ ಮಾತು ಬರಲು ಸ್ವಲ್ಪ ಹೊತ್ತು ಬೇಕಾಯಿತು. ಸಂಬಳದ ಚೀಟಿ ತೋರಿಸು ಅಂದೆ. ಅವನದರಲ್ಲೂ ಹೆಲ್ಪರ್ ಅಂತಲೇ ಇದೆ. ಆಯುಧ ಪೂಜೆಯ ಫೋಟೋದಲ್ಲಿ ನನ್ನ ಎಡಗಡೆ ನಿಂತಿರುವವನು ಅವನೇ. ಅದರ ಇನ್ನೊಂದು ಪ್ರಿಂಟ್ ಹಾಕಿಸಿದ್ದೇನೆ. ಸೋಮವಾರ ಬೆಳಿಗ್ಗೆ ಇಬ್ಬರೂ ಡಿಸ್ಪೆನ್ಸರಿಗೆ ಹೋಗುತ್ತಿದ್ದೇವೆ.